ಅಂಗೈ ತೂಕದ ಎಪ್ಪತ್ತು ಗ್ರಾಂ

"ಎರಡು ಕಿಲೋ ಇನ್ನೂರು," ಅಂದಳು ಅಕ್ಕ, ತೂಕದ ಯಂತ್ರದ ಮೇಲೆ ಕಾಲಿಡುವುದಕ್ಕೂ ಮೊದಲೇ.

ಡಯಾಲಿಸಿಸ್ ಕೋಣೆಯ ಸಿಸ್ಟರ್ ಹೊಸಬರು. ಅವರಿಗೆ ನಗು ಬಂತು. ಎರಡು ದಿನದಲ್ಲಿ ರೋಗಿಯ ಮೈಯಲ್ಲಿ ಎಷ್ಟು ನೀರು ನಿಂತಿದೆ ಅಂತ ಯಂತ್ರ ಹೇಳಬೇಕು, ಅವರು ಬರೆದುಕೊಳ್ಳಬೇಕು, ರೋಗಿ ಬಾಯಿ ಮುಚ್ಚಿಕೊಂಡು ಇಳಿಯಬೇಕು. ಅಲ್ಲಿಯ ಕ್ರಮ ಅದು. ಅಕ್ಕ ಹತ್ತಿದಳು, ಇಳಿದಳು. ಸಿಸ್ಟರ್ ಹಿಂದಿನ ಸಲದ ತೂಕ ಕಳೆದರು. ಮತ್ತೊಮ್ಮೆ ಕಳೆದರು. ಪೆನ್ನನ್ನು ಬಾಯಿಗಿಟ್ಟುಕೊಂಡು ಅಕ್ಕನನ್ನು ಮೇಲಿಂದ ಕೆಳಗೆ ನೋಡಿದರು.

"ಸರಿಯಾಗಿ ಎರಡು ಇನ್ನೂರು! ಹೇಗಮ್ಮಾ ಗೊತ್ತಾಯ್ತು?"

"ಹನ್ನೊಂದು ವರ್ಷ ಅಣಬೆ ಕಿತ್ತಿದೀನಿ ಸಿಸ್ಟರ್. ಮೊದಲು ಕೈಗೆ ಗೊತ್ತಾಯ್ತು. ಆಮೇಲೆ ಮಿಕ್ಕ ಮೈಗೂ ನಿಧಾನಕ್ಕೆ ಹೇಳಿಕೊಡ್ತು."

ನಮ್ಮ ಅಣಬೆ ಶೆಡ್ಡಿನಲ್ಲಿ ಅಕ್ಕನನ್ನು ಎಲ್ಲರೂ ಕರೆಯುತ್ತಿದ್ದದ್ದು ತಕ್ಕಡಿ ಅಂತ. ಬೈಗುಳ ಅಲ್ಲ, ಬಿರುದು. ಇನ್ನೂರು ಗ್ರಾಮಿನ ಟ್ರೇ ತುಂಬುವಾಗ ನಾವೆಲ್ಲ ನಾಲ್ಕು ಸಲ ಯಂತ್ರದ ಮೇಲಿಟ್ಟು, ಒಂದು ತೆಗೆದು, ಒಂದು ಹಾಕಿ ಒದ್ದಾಡುತ್ತಿದ್ದೆವು. ಅಕ್ಕ ಬಲಗೈಯಲ್ಲಿ ಎತ್ತುತ್ತಿದ್ದಳು, ಒಂದು ಕ್ಷಣ ಅಂಗೈಯನ್ನು ತುಸು ಮೇಲಕ್ಕೆ ಕೆಳಕ್ಕೆ ಆಡಿಸುತ್ತಿದ್ದಳು, ಇಡುತ್ತಿದ್ದಳು. ಯಂತ್ರದ ಅಂಕಿ ನೋಡುವುದು ಅವಳಿಗೆ ಅವಮಾನ. ಯಂತ್ರ ಕೆಟ್ಟ ದಿನ ಇಡೀ ಶೆಡ್ಡು ಅವಳ ಅಂಗೈ ಮೇಲೆ ನಡೆದಿದೆ. ಅವತ್ತು ಅಣಬೆ ತಿಂದ ದೊಡ್ಡ ಹೋಟೆಲಿನ ಜನಕ್ಕೆ ಅದು ಗೊತ್ತಿರಲಾರದು. ಅವರಿಗೆ ನಾವು ಇರುವುದೇ ಗೊತ್ತಿಲ್ಲ, ನಮ್ಮ ಅಂಗೈ ಎಲ್ಲಿಂದ ಗೊತ್ತಾಗಬೇಕು?

ಶೆಡ್ಡು ಅಂದರೆ ಹೆದ್ದಾರಿಯ ಪಕ್ಕದಲ್ಲಿ ಕಿಟಕಿಯಿಲ್ಲದ ಹನ್ನೆರಡು ಉದ್ದನೆಯ ಕೋಣೆಗಳು. ಒಳಗೆ ಹದಿನಾರು ಡಿಗ್ರಿ ತಂಪು, ಒದ್ದೆ ಗಾಳಿ, ನೆಲದಿಂದ ಸೂರಿನವರೆಗೆ ಐದು ಅಂತಸ್ತು ಹಲಗೆ. ಹಲಗೆ ಮೇಲೆ ಕಪ್ಪು ಗೊಬ್ಬರ, ಅದರ ಮೇಲೆ ಎರಡು ಬೆರಳು ದಪ್ಪದ ಮಣ್ಣು. ಹಣೆಗೆ ದೀಪ ಕಟ್ಟಿಕೊಂಡು ನಾವು ಒಳಗೆ ಹೋಗುತ್ತೇವೆ. ಮೊದಲ ದಿನ ಮಣ್ಣಿನ ಮೇಲೆ ಬೂದಿ ಚೆಲ್ಲಿದ ಹಾಗೆ ಒಂದು ಬಿಳುಪು. ಮರುದಿನ ಗುಂಡುಸೂಜಿ ತಲೆಗಳು. ಅದರ ಮರುದಿನ ಬಟಾಣಿ. ಆಮೇಲೆ ದಿನಕ್ಕೆ ಎರಡರಷ್ಟು. ಬೆಳಿಗ್ಗೆ ಗೋಲಿಯಷ್ಟಿದ್ದದ್ದು ಮರುದಿನ ಬೆಳಿಗ್ಗೆ ಕೋಳಿಮೊಟ್ಟೆಗೆ ಹತ್ತಿರ. ಬೇರಿಲ್ಲ, ಎಲೆಯಿಲ್ಲ, ಬಿಸಿಲಿಲ್ಲ. ನೆತ್ತಿಯಿಂದ ಮಣ್ಣಿನ ಹೆಂಟೆ ಎತ್ತಿ ಬದಿಗೆ ಸರಿಸಿ ಮೇಲೆ ಬರುತ್ತದೆ. ನಾನು ಒಂಬತ್ತು ವರ್ಷದಿಂದ ನೋಡುತ್ತಿದ್ದೇನೆ. ಇವತ್ತಿಗೂ ಕೋಣೆಯ ಬಾಗಿಲು ತೆಗೆದು ಹಣೆಯ ದೀಪ ಹಾಕಿದ ಮೊದಲ ಗಳಿಗೆಯಲ್ಲಿ ನನಗೆ ಉಸಿರು ನಿಲ್ಲುತ್ತದೆ. ಸಾವಿರಾರು ಬಿಳಿ ತಲೆಗಳು ಒಟ್ಟಿಗೆ ಎದ್ದು ನಿಂತು ನಮ್ಮನ್ನೇ ಕಾಯುತ್ತಿರುತ್ತವೆ.

ಇಷ್ಟು ವರ್ಷದಲ್ಲಿ ಅಕ್ಕನಾಗಲಿ ನಾನಾಗಲಿ ಒಂದು ಅಣಬೆಯನ್ನೂ ಬಾಯಿಗೆ ಹಾಕಿಲ್ಲ. ಗೇಟಿನಲ್ಲಿ ಚೀಲ ತೋರಿಸಬೇಕು, ಸೆರಗು ಕೊಡವಬೇಕು. ಟ್ರೇಯಲ್ಲಿ ಹಲ್ಲಿನ ಗುರುತಿದ್ದ ಅಣಬೆ ಸಿಕ್ಕರೆ ಆ ಸಾಲಿನವರೆಲ್ಲ ಮನೆಗೆ. ಅರಳಿ ಕೊಡೆಯಾಗಿ ಮಾರಾಟಕ್ಕೆ ಬಾರದ್ದು ಗೊಬ್ಬರದ ಗುಂಡಿಗೆ. ಗುಂಡಿಗೆ ಹೋದದ್ದೂ ನಮ್ಮದಲ್ಲ, ಅದು ಗುಂಡಿಯದು.

ಎರಡು ವರ್ಷದ ಹಿಂದೆ ಅಕ್ಕನ ಕಾಲು ಊದಿಕೊಂಡಿತು. ಶೆಡ್ಡಿನ ಥಂಡಿಗೆ ಅಂದುಕೊಂಡೆವು. ಮುಖ ಊದಿತು, ನಿದ್ದೆ ಸಾಲದ್ದಕ್ಕೆ ಅಂದುಕೊಂಡೆವು. ವಾಂತಿ ಶುರುವಾದಾಗ ಆಸ್ಪತ್ರೆಗೆ ಹೋದೆವು. ಎರಡೂ ಕಿಡ್ನಿ ಹೋಗಿವೆ ಅಂದರು. ಹೋಗಿವೆ ಅಂದರೆ ಎಲ್ಲಿಗೆ ಅಂತ ನಾನು ಕೇಳಿದೆ, ಅಷ್ಟು ದಡ್ಡಿ. ಮುಷ್ಟಿ ಗಾತ್ರದವು ಎರಡು, ಬೆನ್ನಿನ ಎರಡು ಬದಿಗೆ ಕೂತು, ಹುಟ್ಟಿದಾಗಿನಿಂದ ಒಂದು ಗಳಿಗೆಯೂ ರಜೆ ಹಾಕದೆ ಅವಳ ರಕ್ತ ತೊಳೆದಿದ್ದವು. ಅವು ಮಾಡುತ್ತಿದ್ದ ಕೆಲಸಕ್ಕೆ ಈಗ ಬೀರುವಿನೆತ್ತರದ ಯಂತ್ರ ಬೇಕು, ವಾರಕ್ಕೆ ಮೂರು ದಿನ ನಾಲ್ಕು ನಾಲ್ಕು ತಾಸು ಬೇಕು, ಆದರೂ ಅರ್ಧ ಕೆಲಸವೇ ಆಗುತ್ತದಂತೆ. ನನ್ನ ಅಕ್ಕನ ರಕ್ತ ನನ್ನ ಕಣ್ಣೆದುರೇ ಮೈಯಿಂದ ಹೊರಗೆ ಬಂದು, ಕೊಳವೆಯಲ್ಲಿ ಸುತ್ತಿ, ತೊಳೆದುಕೊಂಡು ವಾಪಸ್ ಹೋಗುತ್ತದೆ. ಅದನ್ನು ನೋಡಿದ ಮೇಲೆ ಯಾವ ಪವಾಡದ ಕತೆಯೂ ನನಗೆ ದೊಡ್ಡದಾಗಿ ಕಂಡಿಲ್ಲ. ಸೂಜಿ ಹಾಕುವ ಅವಳ ಎಡತೋಳಿನಲ್ಲಿ ಎರಡು ನರ ಸೇರಿಸಿ ಹೊಲಿದಿದ್ದಾರೆ. ಅಲ್ಲಿ ಕಿವಿಯಿಟ್ಟರೆ ಜೇನುಗೂಡಿನ ಸದ್ದು.

ಭಾವ ತೀರಿಕೊಂಡ ಮೇಲೆ ಅಕ್ಕ ನನ್ನ ಜೊತೆಗೇ ಇದ್ದಾಳೆ. ಡಯಾಲಿಸಿಸ್ ಶುರುವಾದ ಮೊದಲ ವಾರ ಆಸ್ಪತ್ರೆಯವರು ಕೊಟ್ಟ ಪಥ್ಯದ ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಮೇಲೆ ದಪ್ಪ ಅಕ್ಷರದಲ್ಲಿ 'ಎಚ್ಚರ'. ಕೆಳಗೆ ಪಕ್ಕಪಕ್ಕ ಎರಡು ಉದ್ದ ಸಾಲು: ಒಂದರಲ್ಲಿ ಪದಾರ್ಥದ ಹೆಸರು, ಇನ್ನೊಂದರಲ್ಲಿ ಅದರೊಳಗೆ ಇರುವುದು ಏನು ಅಂತ. ಟೊಮೆಟೊ, ಪೊಟ್ಯಾಸಿಯಂ. ಹಾಲು, ರಂಜಕ. ಆಲೂಗಡ್ಡೆ, ಪೊಟ್ಯಾಸಿಯಂ. ಹೂಕೋಸು, ಕ್ಯಾರೆಟ್, ಅಣಬೆ. ಕೊಟ್ಟವರಿಗೆ ಮೂರು ನಿಮಿಷವೂ ಇರಲಿಲ್ಲ. "ಇದರಲ್ಲಿರೋದರ ಬಗ್ಗೆ ಹುಷಾರು," ಅಂದು ಮುಂದಿನವರನ್ನು ಕರೆದರು. ಹುಷಾರು ಅಂದರೆ ತಿನ್ನಬಾರದು ಅಂತ ನಾವು ತಿಳಿದೆವು. ಎಲ್ಲರೂ ಹಾಗೇ ತಿಳಿದಿದ್ದರು.

ಹಾಗೆ ಎರಡು ವರ್ಷ. ಉಪ್ಪಿಲ್ಲದ ಅನ್ನ. ಬೇಯಿಸಿ, ನೀರು ಬಸಿದು, ಮತ್ತೆ ಬೇಯಿಸಿ, ಮತ್ತೆ ಬಸಿದ ಸೋರೆಕಾಯಿ. ದಿನಕ್ಕೆ ಎರಡು ಮೊಟ್ಟೆಯ ಬಿಳಿ. ಗುಟುಕು ಗುಟುಕು ಎಣಿಸಿ ಕುಡಿಯುವ ನೀರು.

ಅಕ್ಕ ತೂಕ ಸರಿಯಾಗಿ ಹೇಳಿದ ಆ ಗುರುವಾರ, ಸೂಜಿ ತೆಗೆದ ಮೇಲೆ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. "ನೀರಿನ ತೂಕ ಬಿಡಿ. ಇವರ ಮೈಯದೇ ತೂಕ ಇಳೀತಿದೆ. ನಾಲ್ಕು ತಿಂಗಳಲ್ಲಿ ಐದು ಕಿಲೋ. ಊಟ ಸೇರದಿದ್ರೆ ಈ ಯಂತ್ರವನ್ನೂ ಮೈ ತಡೆಯಲ್ಲ. ಏನಾದ್ರೂ ತಿನ್ನಿಸಿ."

ಸಂಜೆ ತಟ್ಟೆ ಮುಂದಿಟ್ಟೆ. ಅಕ್ಕ ಅದನ್ನು ಬೆರಳ ತುದಿಯಿಂದ ಈಚೆ ತಳ್ಳಿದಳು.

"ಶನಿವಾರ ನಾನು ಬರಲ್ಲ ಕಣೇ."

"ಎಲ್ಲಿಗೆ?"

"ಆಸ್ಪತ್ರೆಗೆ. ಸಾಕು. ಆ ಕುರ್ಚೀಲಿ ಕೂತು ರಕ್ತ ತೊಳೆಸಿಕೊಳ್ಳೋದು, ಮನೆಗೆ ಬಂದು ಇದನ್ನ ತಿನ್ನೋದು. ಇದು ತೊಳೆದ ಪಾತ್ರೆ ಮತ್ತೆ ತೊಳೆದ ಹಾಗಿದೆ. ಬದುಕೋದು ಅಂದ್ರೆ ಇದಾ?"

ಅವಳು ಕೂಗಾಡಲಿಲ್ಲ, ಅದೇ ನನಗೆ ಭಯ ಹುಟ್ಟಿಸಿತು. ಮೂರು ಸಲ ಯಂತ್ರ ತಪ್ಪಿಸಿದ ಪಕ್ಕದ ಕುರ್ಚಿಯ ಅಜ್ಜ ಏನಾದರು ಅಂತ ನಾವಿಬ್ಬರೂ ನೋಡಿದ್ದೆವು. ಅವಳು ಗೊತ್ತಿದ್ದೇ ಹೇಳುತ್ತಿದ್ದಳು.

"ಏನು ತಿಂತೀಯಾ ಹೇಳು, ಅದನ್ನೇ ಮಾಡ್ತೀನಿ," ಅಂದೆ.

ಅಕ್ಕ ಗೋಡೆಯ ಹಾಳೆ ನೋಡಿದಳು. ಸಣ್ಣಗೆ ನಕ್ಕಳು. "ಅಣಬೆ ಮಾಡು. ಹನ್ನೊಂದು ವರ್ಷ ಯಾರ್ಯಾರಿಗೋ ತೂಗಿ ಕೊಟ್ಟೆ. ಅದರ ರುಚಿ ಹುಳಿಯೋ ಸಿಹಿಯೋ ಗೊತ್ತಿಲ್ಲದೆ ಹೋಗ್ತಿದೀನಲ್ಲ, ಮೇಲೆ ಯಾರಾದ್ರೂ ಕೇಳಿದ್ರೆ ಮಾನ ಹೋಗುತ್ತೆ."

ಶುಕ್ರವಾರ ಬೆಳಿಗ್ಗೆ ಶೆಡ್ಡಿಗೆ ಅರ್ಧ ದಿನ ರಜೆ ಹೇಳಿ, ಗೋಡೆಯ ಹಾಳೆ ಕಿತ್ತುಕೊಂಡು ಆಸ್ಪತ್ರೆಗೆ ಹೋದೆ. ಜಗಳ ಆಡಲಿಕ್ಕೇ ಹೋಗಿದ್ದೆ. ಬಸ್ಸಿನಲ್ಲಿ ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡು, ಯಾವ ಮಾತಿನಿಂದ ಶುರು ಮಾಡಲಿ ಅಂತ ಅದನ್ನೇ ದಿಟ್ಟಿಸುತ್ತಿದ್ದೆ. ಆಗ ಕಣ್ಣಿಗೆ ಬಿತ್ತು. ಎರಡು ವರ್ಷ ದಿನಾ ನೋಡಿಯೂ ನೋಡಿರಲಿಲ್ಲ.

ನಾನು ಅಣಬೆ ಕಿತ್ತ ಮೇಲೆ ಟ್ರೇಗಳನ್ನು ರಟ್ಟಿನ ಡಬ್ಬಿಗೆ ಕಟ್ಟುವವಳು. ಡಬ್ಬಿಗೆ ನಾಲ್ಕು ಬದಿ ಇರಬೇಕು, ಒಂದು ಬದಿ ತೆರೆದಿದ್ದರೆ ಕಣ್ಣಿಗೆ ಚುಚ್ಚುತ್ತದೆ. ಹಾಳೆಯ ಮೇಲೆ ಎಳೆದ ಮನೆಗಳಿಗೆ ಎಡಗಡೆ ಗೆರೆ ಇತ್ತು, ಮೇಲೆ ಇತ್ತು, ಕೆಳಗೆ ಇತ್ತು. ಬಲಗಡೆ ಇರಲಿಲ್ಲ. ಅಡ್ಡಗೆರೆಗಳೆಲ್ಲ ಓಡುತ್ತಾ ಓಡುತ್ತಾ ಕಾಗದದ ಅಂಚಿಗೆ ಬಂದು ಬಾವಿಗೆ ಬಿದ್ದ ಹಾಗೆ ಮಾಯವಾಗಿದ್ದವು.

ಪಥ್ಯದ ಮೇಡಂ ಆ ಕೆಲಸಕ್ಕೆ ಬಂದು ಒಂದು ತಿಂಗಳಾಗಿತ್ತು. ಮೂರು ಮಹಡಿಗೆ ಅವರೊಬ್ಬರೇ. ನಾನು ಹಾಳೆಯನ್ನು ಮೇಜಿನ ಮೇಲೆ ಬಡಿದೆ.

"ಮೇಡಂ, ಇದರ ಮಿಕ್ಕಿದ್ದು ಎಲ್ಲಿ?"

"ಮಿಕ್ಕಿದ್ದಾ? ಇಷ್ಟೇ ಅಲ್ವಾ ಹಾಳೆ?"

"ಈ ಗೆರೆ ಎಲ್ಲಿಗೆ ಹೋಗ್ತಿದೆ, ನೀವೇ ಹೇಳಿ."

ಅವರು ಬಗ್ಗಿ ನೋಡಿದರು. ಅಂಚಿಗೆ ಬೆರಳಿಟ್ಟರು. ಎದ್ದು ಹೋಗಿ ಕಬ್ಬಿಣದ ಬೀರು ತೆಗೆದು, ಧೂಳು ಕೂತ ಫೈಲುಗಳನ್ನು ಒಂದೊಂದಾಗಿ ನೆಲಕ್ಕಿಳಿಸಿದರು. ಐದನೆಯದರಲ್ಲಿ ಮೂಲ ಹಾಳೆ ಸಿಕ್ಕಿತು. ಅದು ಅಗಲ ಕಾಗದ. ಅದರಲ್ಲಿ ಮೂರು ಸಾಲಿತ್ತು. ಮೂರನೆಯದರ ತಲೆಯ ಮೇಲೆ ಬರೆದಿತ್ತು: 'ಎಷ್ಟು ತಿನ್ನಬಹುದು'.

ನಾಲ್ಕು ವರ್ಷದ ಹಿಂದೆ ಯಾರೋ ಅದನ್ನು ಚಿಕ್ಕ ಕಾಗದಕ್ಕೆ ನಕಲು ಮಾಡಿದ್ದರು. ಬಲಗಡೆಯ ನಾಲ್ಕು ಬೆರಳಗಲ ಯಂತ್ರದ ಆಚೆ ಉಳಿದಿತ್ತು. ಆಮೇಲೆ ನಕಲಿನ ನಕಲು, ಅದರ ನಕಲು. ಯಾರ ಮೇಲೂ ಬೆರಳು ತೋರಿಸಲಾಗದ ತಪ್ಪು. ಅದಕ್ಕೇ ಅದು ಅಷ್ಟು ನೆಮ್ಮದಿಯಾಗಿ ನಾಲ್ಕು ವರ್ಷ ಬಾಳಿತು. ನಕಲು ಮಾಡಿದವರು ಹಾಳೆ ತಿರುಗಿಸಿ ನೋಡಲಿಲ್ಲ. ಹಂಚಿದವರು ಓದಲಿಲ್ಲ. ತಿನ್ನದೆ ಉಳಿದವರನ್ನು ಯಾರೂ ಕೇಳಲಿಲ್ಲ. ದೊಡ್ಡವರ ಮನೆಯ ಕಾಯಿಲೆಯವರಿಗೆ ಇಂಥ ಹಾಳೆ ಸಿಗುವುದಿಲ್ಲ. ಅವರಿಗೆ ಕೂತು ಹೇಳುವವರು ಸಿಗುತ್ತಾರೆ. ಹಾಳೆ ಸಿಗುವುದು ನಮಗೆ.

ಮೇಡಂ ಕಣ್ಣು ಒದ್ದೆಯಾಗಿತ್ತು. ಬೈಯಲು ತಂದಿದ್ದ ಮಾತೆಲ್ಲ ನನ್ನ ಬಾಯಲ್ಲೇ ಉಳಿಯಿತು. "ಅಳೋದು ಆಮೇಲೆ ಮೇಡಂ," ಅಂದೆ. "ಒಳಗೆ ಹನ್ನೆರಡು ಜನ ಕುರ್ಚೀಲಿದ್ದಾರೆ. ಓದಿ ಹೇಳೋಣ ಬನ್ನಿ."

ಶುಕ್ರವಾರದ ಗುಂಪಿನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಒಂದು ತೋಳು ಯಂತ್ರಕ್ಕೆ, ಇನ್ನೊಂದು ಕೈಯಲ್ಲಿ ಹಾಳೆ. ಕನ್ನಡಕವನ್ನು ನಾನೇ ಮೂಗಿಗೇರಿಸಿದೆ. ಅವರು ತರಗತಿಯಲ್ಲಿ ಓದಿದ ಹಾಗೆ ಗಂಟಲು ಸರಿಮಾಡಿಕೊಂಡು ಓದಿದರು.

"ಟೊಮೆಟೊ. ಅರ್ಧ ಹಣ್ಣು, ವಾರಕ್ಕೆ ಎರಡು ಸಲ."

ಅಕ್ಕಪಕ್ಕದ ಕುರ್ಚಿಗಳಲ್ಲಿ ತಲೆಗಳು ದಿಂಬಿನಿಂದ ಮೇಲೆದ್ದವು.

"ಹಾಲು. ಅರ್ಧ ಲೋಟ, ದಿನದ ನೀರಿನ ಲೆಕ್ಕಕ್ಕೆ ಸೇರಿಸಿ. ಆಲೂಗಡ್ಡೆ. ಸಿಪ್ಪೆ ತೆಗೆದು, ಸಣ್ಣಗೆ ಕೊಚ್ಚಿ, ನೆನೆಸಿ, ಜಾಸ್ತಿ ನೀರಲ್ಲಿ ಬೇಯಿಸಿ, ನೀರು ಚೆಲ್ಲಿ, ಅರ್ಧ ಬಟ್ಟಲು."

"ಮೇಷ್ಟ್ರೇ," ಅಂತ ಮೂಲೆಯಿಂದ ಒಬ್ಬ ಲಾರಿ ಡ್ರೈವರು, "ಆಲೂಗಡ್ಡೆ ಇನ್ನೊಂದು ಸಲ ಓದಿ."

"ಇದೇನು ಹಾಡೇನಯ್ಯಾ, ಮತ್ತೆ ಮತ್ತೆ ಹೇಳೋಕೆ?"

"ನನಗೆ ಹಾಡೇ ಮೇಷ್ಟ್ರೇ. ಮೂರು ವರ್ಷ ಆಯ್ತು."

ಮೇಷ್ಟ್ರು ಮತ್ತೆ ಓದಿದರು, ಈ ಸಲ ನಿಧಾನವಾಗಿ. ಕಿಟಕಿ ಪಕ್ಕದ ಹೆಂಗಸು ತಲೆದಿಂಬಿಗೆ ಮುಖ ತಿರುಗಿಸಿಕೊಂಡಳು. ಮೇಡಂ ನಡುವೆ ನಿಂತು, ಎಲ್ಲರಿಗೂ ಒಂದೇ ಅಳತೆ ಅಲ್ಲ, ಒಬ್ಬೊಬ್ಬರ ರಕ್ತದ ವರದಿ ನೋಡಿ ನಾನೇ ಬರೆದುಕೊಡ್ತೀನಿ, ಅಲ್ಲಿವರೆಗೆ ಯಾರೂ ಮನೇಲಿ ಆಲೂಗಡ್ಡೆಗೆ ಕೈ ಹಾಕಬೇಡಿ ಅಂತ ಕೈ ಮುಗಿದರು. ಡ್ರೈವರ್ ಕಡೆ ಎರಡು ಸಲ ಮುಗಿದರು.

ಅಣಬೆ ಕೊನೆಯಿಂದ ಮೂರನೆಯದು. ತಾಜಾ ಬಿಳಿ ಅಣಬೆ, ಹಸಿ ತೂಕ ಎಪ್ಪತ್ತು ಗ್ರಾಂ, ವಾರಕ್ಕೊಮ್ಮೆ. ತುಂಡು ಮಾಡಿ ಬೇಯಿಸಿ ನೀರು ಚೆಲ್ಲಬೇಕು. ಕಾಡಿನಲ್ಲಿ ಕಿತ್ತದ್ದು ಬೇಡ. ತಗಡಿನ ಡಬ್ಬಿಯಲ್ಲಿ ಬರುವುದು ಬೇಡ, ಅದು ಉಪ್ಪುನೀರಿನಲ್ಲಿ ಮುಳುಗಿರುತ್ತದೆ.

ಮೇಡಂ ಕಂಪ್ಯೂಟರಿನಲ್ಲಿ ಅಕ್ಕನ ವರದಿ ತೆಗೆದರು. ಪೊಟ್ಯಾಸಿಯಂ ಐದಕ್ಕಿಂತ ಕೆಳಗೆ, ರಂಜಕವೂ ಹದದಲ್ಲಿ. ಡಾಕ್ಟರಿಗೆ ಫೋನು ಮಾಡಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ತಿನ್ನಲಿ," ಅಂದರು. "ನಾಳೆ ಡಯಾಲಿಸಿಸ್ ಇದೆ ಅಲ್ವಾ, ಇವತ್ತೇ ತಿನ್ನಲಿ. ಭಾನುವಾರ ಬೇಡ, ಆಗ ಎರಡು ದಿನ ಖಾಲಿ ಬರುತ್ತೆ. ಆದರೆ ಎಪ್ಪತ್ತು ಅಂದ್ರೆ ಎಪ್ಪತ್ತು. ನಿಮ್ಮನೇಲಿ ತೂಕದ ಯಂತ್ರ ಇದೆಯಾ?"

"ಇದೆ ಮೇಡಂ," ಅಂದೆ. "ಮಂಚದ ಮೇಲೆ ಮಲಗಿದೆ."

ಮನೆಗೆ ಹೋಗಿ ಹೇಳಿದರೆ ಅಕ್ಕ ನಂಬಲಿಲ್ಲ. "ನನ್ನನ್ನ ಶನಿವಾರ ಎಳೆದುಕೊಂಡು ಹೋಗೋಕೆ ಕತೆ ಕಟ್ತಿದೀಯಾ," ಅಂದಳು. ನಾನು ಅಗಲ ಹಾಳೆಯ ನಕಲನ್ನು ಅವಳ ಮಡಿಲಲ್ಲಿಟ್ಟೆ. ಅವಳು ಓದಲಿಲ್ಲ. ಮೊದಲು ಮೂರನೇ ಸಾಲಿನ ಮೇಲೆ ಅಂಗೈ ಇಟ್ಟಳು, ಅಗಲ ನೋಡುವವಳ ಹಾಗೆ. ಸರಿಯಾಗಿ ಅಂಗೈಯಷ್ಟೇ ಇತ್ತು.

"ಇಷ್ಟರಲ್ಲಿ ನನ್ನ ಎರಡು ವರ್ಷ ಇತ್ತಲ್ಲೇ," ಅಂದಳು.

ಕಾಯಿಲೆ ಬಿದ್ದ ಮೇಲೆ ಅವಳಿಗೆ ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. ಈಗ ಮುಖಕ್ಕೆ ರಕ್ತ ಏರಿತು. ಆ ಸಿಟ್ಟನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ. ಸಿಟ್ಟು ಬರಬೇಕಾದರೆ ಮನುಷ್ಯ ಇನ್ನೂ ಇರಬೇಕು.

"ಚಪ್ಪಲಿ ಕೊಡು," ಅಂದಳು. "ಶೆಡ್ಡಿಗೆ ನಾನೂ ಬರ್ತೀನಿ."

ನಮ್ಮೂರ ಅಂಗಡಿಗಳಲ್ಲಿ ಸಿಗುವುದು ತಗಡಿನ ಡಬ್ಬಿಯ ಅಣಬೆ ಮಾತ್ರ. ತಾಜಾ ಅಣಬೆ ಬೆಳೆಯುವುದೇನೋ ನಮ್ಮೂರಲ್ಲೇ. ತಣ್ಣನೆ ಲಾರಿ ಹತ್ತಿ ನಾಲ್ಕು ಗಂಟೆಗೆ ಹೊರಟುಬಿಡುತ್ತದೆ, ಒಂದೂ ಇಲ್ಲಿ ಇಳಿಯುವುದಿಲ್ಲ. ಹಾಗಾಗಿ ಶೆಡ್ಡಿಗೇ ಹೋಗಬೇಕಾಯಿತು. ಎರಡು ಗಂಟೆಗೆ ಗೇಟು ದಾಟಿದೆವು. ಒಳಗೆ ಹೋಗುವಾಗ ಯಾರೂ ಚೀಲ ನೋಡುವುದಿಲ್ಲ.

ಆರನೇ ಕೋಣೆಯಲ್ಲಿ ಎರಡನೇ ಬೆಳೆ ತುಂಬಿ ಬಂದಿತ್ತು. ಇಪ್ಪತ್ತಮೂರು ಹೆಂಗಸರು ಹಲಗೆಗಳ ನಡುವೆ ಬಗ್ಗಿದ್ದರು. ಹಣೆಯ ದೀಪಗಳೆಲ್ಲ ಒಟ್ಟಿಗೆ ಬಾಗಿಲ ಕಡೆ ತಿರುಗಿದವು. ಬೆಳಕಿಗೆ ಅಕ್ಕ ಕಣ್ಣು ಕಿರಿದು ಮಾಡಿದಳು.

"ಅಯ್ಯೋ, ತಕ್ಕಡಿ!" ಅಂತ ಹಲಗೆಗಳ ನಡುವಿನಿಂದ ಒಂದು ಕೂಗು. ಅದು ಉದ್ದಕ್ಕ, ಏಣಿಯಿಲ್ಲದೆ ನಾಲ್ಕನೇ ಹಲಗೆಗೆ ಕೈ ಹಾಕುವವಳು. "ಎಷ್ಟು ಸೊರಗಿದೀಯಾ ಮಾರಾಯ್ತಿ! ಎಡಗಡೆಯಿಂದ ನೋಡಿದ್ರೆ ಬಲಗಡೆಯವರು ಕಾಣ್ತಾರೆ."

"ಬಲಗಡೆಯವರು ಯಾರೇ? ನಿನ್ನ ಗಂಡನಾ? ಹಾಗಾದ್ರೆ ನಾನು ಅಡ್ಡ ನಿಲ್ಲಲ್ಲ," ಅಂದಳು ಅಕ್ಕ. ಕೋಣೆಯೆಲ್ಲ ನಕ್ಕಿತು.

ನಗು ಕೇಳಿದರೆ ಮೇಲ್ವಿಚಾರಕ ಬಂದೇ ಬರುತ್ತಾನೆ. ಅವನಿಗೆ ನಾವಿಟ್ಟ ಹೆಸರು ಗಡಿಯಾರ. ಮುಖ ನೋಡಿ ಮಾತಾಡುವವನಲ್ಲ, ಮಣಿಕಟ್ಟು ನೋಡಿಯೇ ಮಾತಾಡುತ್ತಾನೆ. ನಾನು ಎಲ್ಲ ಹೇಳಿದೆ. ಆಸ್ಪತ್ರೆಯ ಹಾಳೆ ತೋರಿಸಿದೆ. ಎಪ್ಪತ್ತು ಗ್ರಾಂ, ಮೂರೋ ನಾಲ್ಕೋ ಅಣಬೆ.

"ಒಂದು ಕೊಟ್ರೆ ನಾಳೆ ನೂರು ಜನ ಕೈ ಚಾಚ್ತಾರೆ. ಆಗಲ್ಲ," ಅಂದ. ಅಕ್ಕನ ಮುಖ ಒಮ್ಮೆ ನೋಡಿದ, ಮತ್ತೆ ಮಣಿಕಟ್ಟು. "ಪಾಪ ಅನ್ನಿಸುತ್ತೆ. ಬೇಕಾದ್ರೆ ಗುಂಡಿಗೆ ಹಾಕೋ ಬುಟ್ಟಿಯಿಂದ ತಗೊಳ್ಳಿ, ನಾನು ನೋಡಿಲ್ಲ ಅಂದ್ಕೋತೀನಿ."

"ಗುಂಡಿಯದು ಬೇಡ ಸಾರ್," ಅಂದಳು ಅಕ್ಕ. "ಅರಳಿ ಕಪ್ಪಾಗಿರೋದು ಅದು. ನನಗೆ ಮೊದಲ ದರ್ಜೆಯದು ಬೇಕು, ನಾನು ಹನ್ನೊಂದು ವರ್ಷ ಕಿತ್ತಿದ್ದು ಅದನ್ನೇ. ಕೆಟ್ಟ ಕಿಡ್ನಿಗೆ ಎರಡನೇ ದರ್ಜೆ ಸಾಕು ಅಂತ ಈ ಹಾಳೆಯಲ್ಲಿ ಎಲ್ಲಿದೆ, ತೋರಿಸಿ."

"ಮಾತು ಬೇಡ. ಹೊರಗೆ ನಡೀರಿ. ಲಾರಿ ನಾಲ್ಕಕ್ಕೆ."

ಆಗ ಟಕ್ ಅಂತ ಒಂದು ಸದ್ದಾಯಿತು. ಉದ್ದಕ್ಕ ತನ್ನ ಪುಟ್ಟ ಚೂರಿಯನ್ನು ಮಡಚಿ ಏಪ್ರನ್ನಿನ ಜೇಬಿಗಿಟ್ಟಿದ್ದಳು. ಪಕ್ಕದವಳು ಮಡಚಿದಳು, ಟಕ್. ಅದರಾಚೆಯವಳು, ಟಕ್. ಕೋಣೆಯ ಆ ತುದಿಯವರೆಗೆ ಆ ಸದ್ದು ಒಂದೊಂದಾಗಿ ನಡೆದುಹೋಯಿತು. ಇಪ್ಪತ್ತಮೂರು ದೀಪಗಳು ಹಲಗೆಗಳ ಮೇಲೆ ಅಲುಗಾಡದೆ ನಿಂತವು.

ಅಣಬೆ ಕೀಳುವವರಿಗೆಲ್ಲ ಗೊತ್ತಿರುವ ಸಂಗತಿ ಒಂದಿದೆ: ಅಣಬೆ ಕಾಯುವುದಿಲ್ಲ. ತುಂಬಿದ ಬೆಳೆಗೆ ಒಂದು ಹೊತ್ತು ತಪ್ಪಿದರೆ ಟೋಪಿಯ ಕೆಳಗಿನ ತೆಳ್ಳನೆ ಪರದೆ ಬಿಗಿಯುತ್ತದೆ, ಹರಿಯುತ್ತದೆ, ಕಂದು ಮಡಿಕೆಗಳು ಕಾಣುತ್ತವೆ. ಮೊದಲ ದರ್ಜೆ ಎರಡನೆಯದಾಗುತ್ತದೆ. ನಿಲ್ಲಿಸು ಅಂದರೆ ನಿಲ್ಲುವುದಿಲ್ಲ, ಬೆದರಿಸಿದರೆ ಹೆದರುವುದಿಲ್ಲ. ನಾವೆಲ್ಲ ದೀಪದ ಬೆಳಕಲ್ಲಿ ಅವನ್ನೇ ನೋಡುತ್ತಾ ನಿಂತೆವು. ಸುಮ್ಮನೆ ನಿಂತು ಅವನ್ನು ನೋಡಲು ನಮಗೆ ಯಾವತ್ತೂ ಬಿಡುವು ಸಿಕ್ಕಿರಲಿಲ್ಲ. ಒದ್ದೆ ಬಿಳುಪು, ಒಂದರ ಹೆಗಲಿಗೆ ಒಂದು ತಾಗಿಕೊಂಡು, ಮಣ್ಣಿನ ಹೆಂಟೆ ತಲೆಯ ಮೇಲೆ ಹೊತ್ತುಕೊಂಡು. ಬೆಳೆಯುವುದು ಕಣ್ಣಿಗೆ ಕಾಣಲಿಲ್ಲ. ಆದರೆ ಇಡೀ ಕೋಣೆ ಬೆಳೆಯುತ್ತಿದೆ ಅಂತ ನನ್ನ ಮೈಗೆ ತಿಳಿಯಿತು. ಕೋಣೆಯಲ್ಲಿ ನಾವು ಇಪ್ಪತ್ತೈದಲ್ಲ, ಸಾವಿರಾರು ಇದ್ದೆವು.

"ಏನು ನಾಟಕ ಇದು? ಕೆಲಸ ಹಿಡೀರಿ," ಅಂದ ಗಡಿಯಾರ.

"ಕೈ ನೋವು ಸಾರ್," ಅಂದಳು ಒಬ್ಬಳು.

"ನನಗೆ ಸೊಂಟ."

"ನನಗೆ ಪಾಪ ಅನ್ನಿಸ್ತಿದೆ ಸಾರ್, ನಿಮ್ಮ ಹಾಗೇ," ಅಂದಳು ಉದ್ದಕ್ಕ.

ಅವನು ಫೋನು ತೆಗೆದು ಯಾರಿಗೋ ಮಾಡಿದ, ಆ ಕಡೆಯವರು ಎತ್ತಲಿಲ್ಲ. ಮಣಿಕಟ್ಟು ನೋಡಿದ. ಹತ್ತಿರದ ಹಲಗೆಗೆ ಬಗ್ಗಿ ಒಂದು ಅಣಬೆಯ ಟೋಪಿ ಎತ್ತಿ ನೋಡಿದ. ಮತ್ತೆ ಮಣಿಕಟ್ಟು. ಎರಡೂವರೆ ಆಯಿತು, ಮೂರಕ್ಕೆ ಹತ್ತಿರ ಬಂತು. ಅಕ್ಕ ನಿಲ್ಲಲಾಗದೆ ಮಗುಚಿಟ್ಟ ಬುಟ್ಟಿಯ ಮೇಲೆ ಕೂತಿದ್ದಳು. ಅವಳ ತೋಳಿನ ಗುಂಯ್ ಸದ್ದು ಪಕ್ಕದಲ್ಲಿದ್ದ ನನಗೆ ಕೇಳಿಸುತ್ತಿತ್ತೋ ಅಥವಾ ಕೇಳಿಸಿದ ಹಾಗಾಯಿತೋ, ಹೇಳಲಾರೆ.

"ಎಪ್ಪತ್ತು ಗ್ರಾಂ," ಅಂದ ಕೊನೆಗೆ, ನೆಲ ನೋಡುತ್ತಾ. "ಒಂದು ಗ್ರಾಂ ಜಾಸ್ತಿ ಇರಬಾರದು. ನಾನೇ ತೂಗ್ತೀನಿ. ಮನೆಗೆ ಕೊಂಡೊಯ್ಯೋ ಹಾಗಿಲ್ಲ, ಗೇಟು ದಾಟಬಾರದು."

ದಯೆಯಿಂದ ಅಲ್ಲ. ಗಂಟೆ ಮೂರಾದದ್ದರಿಂದ.

ಅಕ್ಕ ಎದ್ದು ಹಲಗೆಯ ಬಳಿ ಹೋದಳು. ಉದ್ದಕ್ಕ ತನ್ನ ಹಣೆಯ ದೀಪ ಬಿಚ್ಚಿ ಅವಳಿಗೆ ಕಟ್ಟಿದಳು. ಎರಡು ವರ್ಷದ ಮೇಲೆ ಆ ಬಲಗೈ ಮಣ್ಣಿನ ಮೇಲೆ ಹೋಯಿತು. ಅವಸರವಿಲ್ಲ. ಒಂದನ್ನು ಮೂರು ಬೆರಳಲ್ಲಿ ಹಿಡಿದು ತುಸು ತಿರುಚಿ ಎತ್ತಿದಳು, ಇನ್ನೊಂದನ್ನು ಮುಟ್ಟಿ ಬಿಟ್ಟಳು, ಆಚೆಯದನ್ನು ತೆಗೆದಳು, ಇನ್ನೊಂದು ಚಿಕ್ಕದು. ಮೂರನ್ನೂ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಅಂಗೈ ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ.

"ಎಪ್ಪತ್ತು," ಅಂದಳು.

ಗಡಿಯಾರ ಯಂತ್ರದ ಮೇಲಿಟ್ಟ. ಎಪ್ಪತ್ತೇಳು.

ಅವನ ತುಟಿ ಅಲುಗಿತು. ಎರಡು ವರ್ಷ, ಕಾಯಿಲೆ. ತಪ್ಪುವುದು ಸಹಜ ಅಂತ ನಾನೇ ನನಗೆ ಹೇಳಿಕೊಂಡೆ. ಅಕ್ಕ ಮಾತ್ರ ನಮ್ಮನ್ನೆಲ್ಲ ಬುದ್ಧಿಯಿಲ್ಲದವರನ್ನು ನೋಡುವ ಹಾಗೆ ನೋಡಿದಳು.

"ಬುಡ ಕತ್ತರಿಸಿದ್ದೀರಾ?" ಅಂದಳು. "ಮಣ್ಣು ಹತ್ತಿದ ಬುಡ ಯಾರಾದ್ರೂ ತಿಂತಾರಾ? ಬುಡ ಬಿಟ್ಟು ತೂಗೋ ಕೈ ಇದು. ಚೂರಿ ಕೊಡ್ರೇ."

ಇಪ್ಪತ್ತಮೂರು ಚೂರಿಗಳು ಜೇಬಿಂದ ಹೊರಬಂದವು. ಅವಳು ಹತ್ತಿರದ್ದನ್ನು ತೆಗೆದುಕೊಂಡು ಮೂರರ ಬುಡವನ್ನೂ ಅಡ್ಡಕ್ಕೆ ಕತ್ತರಿಸಿದಳು. ಮತ್ತೆ ಯಂತ್ರದ ಮೇಲಿಟ್ಟಳು. ಅಂಕಿ ಎಪ್ಪತ್ತೊಂದಕ್ಕೆ ಹೋಯಿತು, ಅಲ್ಲಿ ನಡುಗಿತು, ಎಪ್ಪತ್ತಕ್ಕೆ ಬಂದು ನಿಂತಿತು.

ಆ ಅಂಕಿ ನೋಡಲು ನಾವೆಲ್ಲ ಯಂತ್ರದ ಮೇಲೆ ಬಗ್ಗಿದೆವು, ಗಡಿಯಾರನನ್ನು ಬಿಟ್ಟು. ಅವನು ಮೊದಲ ಸಲ ಮಣಿಕಟ್ಟು ಮರೆತು ಅಕ್ಕನ ಅಂಗೈ ನೋಡುತ್ತಿದ್ದ. ಇಂಥ ಕೈಯನ್ನು ಎರಡು ವರ್ಷದ ಹಿಂದೆ ಊದಿದ ಕಾಲಿನ ಸಮೇತ ಒಂದು ಮಾತೂ ಹೇಳದೆ ಮನೆಗೆ ಕಳಿಸಿದವನು ಅವನೇ.

ಹೆಂಗಸರು ಹಲಗೆಗೆ ಮರಳಿದರು. ಡಬ್ಬಿ ಕಟ್ಟುವ ಕೋಣೆಯ ಚಹಾ ಒಲೆಯ ಮೇಲೆ ನಾನು ನೀರಿಟ್ಟೆ. ಅಣಬೆ ತುಂಡು ಮಾಡಿ, ದೊಡ್ಡ ಪಾತ್ರೆಯಲ್ಲಿ ಕುದಿಸಿ, ನೀರೆಲ್ಲ ಬಸಿದು ಚೆಲ್ಲಿದೆ. ಅಷ್ಟು ಬಿಳಿ ಇದ್ದದ್ದು ಬೂದು ಬಣ್ಣಕ್ಕೆ ತಿರುಗಿ ಒಂದು ಹಿಡಿಯಷ್ಟಾಯಿತು. ಇಷ್ಟಕ್ಕೇನಾ ಇಷ್ಟೆಲ್ಲ, ಅಂದುಕೊಂಡೆ. ಬಾಣಲೆಗೆ ಚೀಲದಲ್ಲಿ ಕಟ್ಟಿ ತಂದಿದ್ದ ಒಂದು ಚಮಚ ಎಣ್ಣೆ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಮೆಣಸಿನ ಪುಡಿ. ಉಪ್ಪಿಲ್ಲ. ತುಂಡುಗಳು ಅಂಚಿನಲ್ಲಿ ಕೆಂಪಗಾದಾಗ ಒಂದು ವಾಸನೆ ಎದ್ದಿತು. ಅದು ನಮ್ಮ ಕೋಣೆಯದೇ ವಾಸನೆ, ಹೊಸದಾಗಿ ಒದ್ದೆಯಾದ ಮಣ್ಣಿನದು. ಆದರೆ ಬೆಂಕಿ ಮುಟ್ಟಿದ ಮೇಲೆ ಅದು ಹಸಿವಿನ ವಾಸನೆಯಾಗಿತ್ತು. ಲಾರಿಗೆ ಟ್ರೇ ಹೊರುತ್ತಿದ್ದವರು ಬಾಗಿಲಲ್ಲಿ ನಿಂತುಬಿಟ್ಟರು.

ಅಕ್ಕ ಒಂದು ತುಂಡು ಬಾಯಿಗಿಟ್ಟಳು. ಅಗಿದಳು. ಅಗಿಯುವುದನ್ನು ನಿಲ್ಲಿಸಿದಳು.

"ಹೇಗಿದೆಯೇ?" ಅಂದಳು ಉದ್ದಕ್ಕ ಬಾಗಿಲಿಂದ. "ಹುಳಿಯೋ ಸಿಹಿಯೋ?"

ಅಕ್ಕ ಕೈ ಎತ್ತಿ ತಡೆ ಅಂದಳು. ನುಂಗಿ, ಇನ್ನೊಂದು ತುಂಡು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಇದನ್ನು ಮೊದಲ ಸಲ ಕಾಣುತ್ತಿರುವವಳ ಹಾಗೆ.

"ಮಾಂಸ ಅನ್ನಿಸುತ್ತೆ, ಮಾಂಸ ಅಲ್ಲ. ಕಾಯಿ ಅನ್ನಿಸುತ್ತೆ, ಕಾಯೀನೂ ಅಲ್ಲ," ಅಂದಳು ತನ್ನಷ್ಟಕ್ಕೆ. ಆಮೇಲೆ ನಮ್ಮೆಲ್ಲರ ಕಡೆ ತಿರುಗಿದಳು. ಕಣ್ಣು ಅಗಲವಾಗಿತ್ತು. "ಇದನ್ನ ಬೆಳೆದದ್ದು ನಾವಾ ಕಣ್ರೇ? ನಾವೇನಾ?"

ಉದ್ದಕ್ಕ ಏಪ್ರನ್ನಿನಿಂದ ಮೂಗು ಒರೆಸಿಕೊಂಡಳು. ನನಗೊಂದು ತುಂಡು ಕೊಡಲು ಅಕ್ಕ ಕೈ ಚಾಚಿದಳು. ನಾನು ಬೇಡ ಅಂದೆ, ಎಪ್ಪತ್ತು ಅಂದರೆ ಎಪ್ಪತ್ತು. ಅವಳು ಬಾಣಲೆಯ ತಳಕ್ಕಂಟಿದ್ದನ್ನೂ ಬೆರಳಲ್ಲಿ ಬಳಿದು ತಿಂದಳು. ನಾಲ್ಕು ತಿಂಗಳಿಂದ ತಟ್ಟೆ ಈಚೆ ತಳ್ಳುತ್ತಿದ್ದ ಬೆರಳು ಅದು.

ಹೊರಗೆ ಲಾರಿ ಹೊರಟಿತು. ಗೇಟಿನಲ್ಲಿ ಕಾವಲಿನ ಹೆಂಗಸು ನಮ್ಮ ಚೀಲ ತೆಗೆಸಿ ನೋಡಿದಳು, ಸೆರಗು ಕೊಡವಿಸಿದಳು. ಏನೂ ಇರಲಿಲ್ಲ. ಅಕ್ಕ ಬೇಕೆಂದೇ ಅವಳ ಮುಖಕ್ಕೆ ಹತ್ತಿರ ಬಂದು ಬೆಳ್ಳುಳ್ಳಿ ವಾಸನೆಯ ಒಂದು ಉಸಿರು ಬಿಟ್ಟಳು.

ರಸ್ತೆಗೆ ಬಂದು ನಾಲ್ಕು ಹೆಜ್ಜೆ ನಡೆದು ನಿಂತಳು. ಸುಸ್ತಾಗಿರಬೇಕು ಅಂತ ನಾನು ತೋಳು ಕೊಟ್ಟೆ. ಅವಳು ಹಿಡಿಯಲಿಲ್ಲ.

"ಆ ಮೂರನೇ ಸಾಲು ನಮ್ಮ ಶನಿವಾರದ ಗುಂಪಿನವರಿಗೆ ಯಾರು ಓದಿ ಹೇಳ್ತಾರೆ?" ಅಂದಳು.

"ಮೇಡಂ ಹೇಳ್ತಾರಂತೆ."

"ಅವರೊಬ್ಬರು, ಮೂರು ಮಹಡಿ. ಯಾವಾಗ ಬರ್ತಾರೋ." ಹಾಳೆಯನ್ನು ನನ್ನ 
ಕೈಯಿಂದ ತೆಗೆದುಕೊಂಡು, ಮಡಿಕೆ ಮೂರನೇ ಸಾಲಿನ ಮೇಲೆ ಬೀಳದ ಹಾಗೆ ನೋಡಿ ಮಡಚಿ, ರವಿಕೆಯೊಳಗಿಟ್ಟುಕೊಂಡಳು. "ನಾಳೆ ಬೆಳಿಗ್ಗೆ ಬಸ್ಸು ಎಷ್ಟಕ್ಕೆ?"